ಗಣಿತ, ಅಣು, ಆಡುಮಾತು: ಮೂರನ್ನೂ ಹಿಡಿದು ಸಂಶೋಧನೆ ಮಾಡಬಹುದೇ?

ಯಾದಗಿರಿಯಲ್ಲಿ ಬಿಎಸ್ಸಿ ಮುಗಿಸಿದ್ದೀರಿ. ಗಣಿತ ಬಿಡಲಾಗದು, ಅಣುಗಳ ಭೌತಶಾಸ್ತ್ರ ಸೆಳೆಯುತ್ತದೆ, ನಮ್ಮ ಕಡೆಯ ಮಾತಿನ ಮೇಲೂ ಕೆಲಸ ಮಾಡುವ ಆಸೆ. ಮೂರೂ ಒಂದೆಡೆ ಕೂಡಿ ಬರುತ್ತವೆಯೇ ಎಂದು ಕೇಳಿದ್ದೀರಿ. ಬರುತ್ತವೆ. ನಾನು ಕಲಬುರಗಿಯಲ್ಲಿ ಗಣಿತ ಪಾಠ ಮಾಡುವವನು, ಪಿಎಚ್‌ಡಿ ಮಾಡಿದ್ದು ಗ್ರಾಫ್ ಸಿದ್ಧಾಂತದಲ್ಲಿ, ಅಂದರೆ ಚುಕ್ಕಿಗಳನ್ನೂ ಅವನ್ನು ಕೂಡಿಸುವ ಗೆರೆಗಳನ್ನೂ ಓದುವ ಗಣಿತದಲ್ಲಿ. ನಾನು ನಡೆದ ದಾರಿಯನ್ನೇ ತೋರಿಸುತ್ತೇನೆ.

ಒಂದು ಹಾಳೆ ತಗೊಳ್ಳಿ. ಬ್ಯೂಟೇನ್ ಅಣುವಿನ ನಾಲ್ಕು ಕಾರ್ಬನ್‌ಗಳನ್ನು ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಇಟ್ಟು ಗೆರೆ ಎಳೆಯಿರಿ. ಹೈಡ್ರೋಜನ್ ಬೇಡ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಗೆರೆ ದಾಟಬೇಕು ಎಂದು ಪ್ರತಿ ಜೋಡಿಗೂ ಎಣಿಸಿ ಕೂಡಿಸಿ: 1, 1, 1, 2, 2, 3. ಒಟ್ಟು 10. ಈಗ ಅಷ್ಟೇ ಕಾರ್ಬನ್‌ಗಳು ಬೇರೆ ರೀತಿ ಕೂಡಿದ ಐಸೊಬ್ಯೂಟೇನ್: ನಡುವೆ ಒಂದು ಚುಕ್ಕಿ, ಸುತ್ತ ಮೂರು. ಮೊತ್ತ 9. ಮೊದಲನೆಯದು ಕುದಿಯುವುದು ಸುಮಾರು ಮೈನಸ್ 0.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡನೆಯದು ಮೈನಸ್ 12ರ ಆಸುಪಾಸಿನಲ್ಲಿ. ಐದು ಕಾರ್ಬನ್ನಿನ ಪೆಂಟೇನಿನ ಮೂರು ರೂಪಗಳಿಗೆ ಮೊತ್ತ 20, 18, 16. ಕುದಿಬಿಂದು ಸುಮಾರು 36, 28, 9.5. ಮೊತ್ತ ಇಳಿದಂತೆ ಕುದಿಬಿಂದುವೂ ಇಳಿಯುತ್ತದೆ. 1947ರಲ್ಲಿ ಹ್ಯಾರಿ ವೀನರ್ ಇದನ್ನು ತೋರಿಸಿದರು, ಆ ಮೊತ್ತಕ್ಕೆ ಇಂದು ಅವರದೇ ಹೆಸರು. ಮೊದಲ ಸಲ ಇದನ್ನು ಕೈಯಾರೆ ಎಣಿಸಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಯಾಕೆ ಹೀಗೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಭೌತಶಾಸ್ತ್ರದ ಬಾಗಿಲಿಗೇ ಹೋಗಬೇಕು. ನೀಳ ಅಣುಗಳು ಒಂದಕ್ಕೊಂದು ಮೈ ಹಚ್ಚಿ ಮಲಗುತ್ತವೆ, ಉಂಡೆಯಾದವಕ್ಕೆ ತಾಗುವ ಜಾಗ ಕಡಿಮೆ. ಹೀಗೆ ತಾಗಿದಲ್ಲಿ ಹುಟ್ಟುವ ಸಣ್ಣ ಸೆಳೆತ ಎಲ್ಲಿಂದ ಬರುತ್ತದೆ ಎಂದು 1930ರಲ್ಲಿ ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದರು.

ಈಗ ಮಾತಿಗೆ ಬರೋಣ. ಕಾರ್ಬನ್ನಿನ ಜಾಗದಲ್ಲಿ ಪದ ಇಡಿ, ವಾಕ್ಯದಲ್ಲಿ ಹತ್ತಿರ ಬರುವ ಪದಗಳಿಗೆ ಗೆರೆ ಎಳೆಯಿರಿ. 2001ರಲ್ಲಿ ಸಂಶೋಧಕರಾದ ಫೆರೆರ್ ಇ ಕಾಂಚೊ ಮತ್ತು ಸೊಲೆ ಇಂಗ್ಲಿಷಿಗೆ ಹೀಗೆ ಮಾಡಿದರು. ಲಕ್ಷಗಟ್ಟಲೆ ಪದಗಳಿದ್ದರೂ ಒಂದರಿಂದ ಇನ್ನೊಂದಕ್ಕೆ ಸರಾಸರಿ ಮೂರು ಹೆಜ್ಜೆಯೂ ಬೇಕಾಗಲಿಲ್ಲ. ಎಣಿಸಿದ್ದು ಅದೇ ಅಂತರವನ್ನು, ಬ್ಯೂಟೇನಿನಲ್ಲಿ ನೀವು ಎಣಿಸಿದ್ದನ್ನೇ.

ಕನ್ನಡಕ್ಕೆ ಇದನ್ನು ಇದ್ದ ಹಾಗೆ ತಂದರೆ ನಡೆಯುವುದಿಲ್ಲ. "ಮನೆಯಲ್ಲಿದ್ದವರಿಗೂ" ಎಂಬುದು ಒಂದು ಚುಕ್ಕಿಯೋ, ನಾಲ್ಕೈದೋ? ಇದನ್ನು ತೀರ್ಮಾನಿಸುವುದೇ ದೊಡ್ಡ ಕೆಲಸ, ಅಲ್ಲಿ ವ್ಯಾಕರಣ ಬಲ್ಲವರ ಮಾತೇ ನಡೆಯಬೇಕು. ಇನ್ನು ನಮ್ಮ ಕಡೆಯ ಮಾತು ಕೇಳಿ ನೋಡಿ: ಚಾಲೂ ಮಾಡು, ಬಂದ್ ಮಾಡು, ಮಾಫ್ ಮಾಡು, ತಯಾರ್ ಮಾಡು. ಉರ್ದುವಿನಿಂದ ಬಂದ ಪದಗಳು "ಮಾಡು" ಎಂಬ ಒಂದೇ ಬಾಗಿಲಿನಿಂದ ಕನ್ನಡದ ಒಳಗೆ ಬಂದು ಕೂತಿವೆ. ಚಿತ್ರ ಬರೆದರೆ "ಮಾಡು" ಐಸೊಬ್ಯೂಟೇನಿನ ನಡುವಿನ ಚುಕ್ಕಿಯಂತೆ ಕಾಣುತ್ತದೆ, ಸುತ್ತ ಮೂರರ ಬದಲು ನೂರಾರು. ಗಂಜ್‌ನಲ್ಲಿ (ಧಾನ್ಯದ ಪೇಟೆಯಲ್ಲಿ) ತೊಗರಿ ತೂಗುವಾಗ "ದೀಡ ಕ್ವಿಂಟಲ್" ಎನ್ನುವವರು ಮನೆಗೆ ಹೋಗಿ "ಒಂದೂವರೆ" ಎನ್ನುವುದನ್ನೂ ಕೇಳಿದ್ದೇನೆ. ಈ ಗೆರೆಗಳನ್ನು ಎಳೆಯಲು ನೀವು ಬೀದರಿನ ಸಂತೆಯಲ್ಲೋ ನಿಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲೋ ಕೂತು, ಕೇಳಿ, ಬರೆದುಕೊಳ್ಳಲೇಬೇಕು. ಭಾಷೆಯ ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ ಮಹಾರಾಷ್ಟ್ರದ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದರಂತೆ ಒಂದಾಗುತ್ತಿದ್ದುದನ್ನು 1971ರಲ್ಲಿ ಬರೆದದ್ದು ಹಾಗೆ ಊರಿನಲ್ಲಿ ಕೂತು ಕೇಳಿಯೇ.

ಇದೆಲ್ಲ ಹೊರಗಿನವರ ವಿದ್ಯೆ ಎಂದುಕೊಳ್ಳಬೇಡಿ. ಸೇಡಂ ತಾಲೂಕಿನ ಮಳಖೇಡದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದದ್ದು, ಕವಿರಾಜಮಾರ್ಗ ಹುಟ್ಟಿದ್ದೂ ಆಗಲೇ. ಊರೂರಿಗೆ ಬೇರೆಯಾಗುವ ದೇಸಿಯನ್ನು ಅರಿಯಲಾರದೆ ವಾಸುಕಿಯೂ ಬೇಸರಗೊಂಡಾನು ಎಂದು ಅದರಲ್ಲೇ ಇದೆ. ನಮ್ಮ ಕಾಲದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ವಿ. ಆರ್. ಕುಲ್ಲಿ ಅವರು ಅಣುಗಳ ಗ್ರಾಫ್‌ಗೆ ವೀನರ್ ಮೊತ್ತದಂಥ ಹೊಸ ಸೂಚ್ಯಂಕಗಳನ್ನೇ ಕೊಟ್ಟಿದ್ದಾರೆ.

ನನ್ನದೊಂದು ಖಚಿತ ಅಭಿಪ್ರಾಯ: ಪಿಎಚ್‌ಡಿಗೆ ಹೆಸರು ಹಚ್ಚುವಾಗ ಒಂದೇ ವಿಭಾಗ ಹಿಡಿಯಿರಿ, ಅದರ ಪರೀಕ್ಷೆ, ಶಿಸ್ತು ಪೂರ್ತಿ ಕಲಿಯಿರಿ. ಉಳಿದೆರಡಕ್ಕೆ ಗುರುಗಳನ್ನು ಹುಡುಕಿಕೊಂಡು ಹೋಗಿ. ಹೊಸ ಸೂತ್ರ ಕಟ್ಟಿ, ಹತ್ತು ಅಣುಗಳಿಗೆ ಲೆಕ್ಕ ಹಾಕಿ, ಅದು ಏನನ್ನು ಅಳೆಯಿತು ಎಂದು ಕೇಳದೆ ಛಾಪಿಸುವುದು ಸುಲಭ. ಶುರುವಿನಲ್ಲಿ ನಾನೂ ಹಾಗೆ ಮಾಡಿದ್ದೇನೆ, ಈಗಲೂ ಅದು ನೋಯಿಸುತ್ತದೆ. ನೀವು ಹಾಗೆ ಮಾಡಬೇಡಿ.

ಈ ವಾರ ಆರು ಕಾರ್ಬನ್ನಿನ ಹೆಕ್ಸೇನಿನ ಐದೂ ರೂಪಗಳನ್ನು ಬರೆಯಿರಿ. ಅದರಲ್ಲಿ 2-ಮಿಥೈಲ್‌ಪೆಂಟೇನಿನ ಮೊತ್ತ 32, 3-ಮಿಥೈಲ್‌ಪೆಂಟೇನಿನದು 31 (ಐದು ಚುಕ್ಕಿಯ ಸಾಲಿನಲ್ಲಿ ಆರನೆಯ ಚುಕ್ಕಿ ಮೊದಲ ರೂಪದಲ್ಲಿ ಎರಡನೇ ಚುಕ್ಕಿಗೆ, ಇನ್ನೊಂದರಲ್ಲಿ ನಡುವಿನ ಚುಕ್ಕಿಗೆ ಅಂಟಿರುತ್ತದೆ). ಆದರೆ ಕುದಿಬಿಂದು ಸುಮಾರು 60 ಮತ್ತು 63, ಅಂದರೆ ಕ್ರಮ ತಿರುಗಿಬಿತ್ತು. ವೀನರ್ ತಮ್ಮ ಸೂತ್ರದಲ್ಲಿ ಎರಡನೆಯದೊಂದು ಎಣಿಕೆಯನ್ನೂ ಇಟ್ಟಿದ್ದರು: ಸರಿಯಾಗಿ ಮೂರು ಹೆಜ್ಜೆ ದೂರದಲ್ಲಿರುವ ಜೋಡಿಗಳು ಎಷ್ಟು ಎಂದು. ಎಣಿಸಿ ನೋಡಿ, ಒಂದರಲ್ಲಿ 3 ಸಿಗುತ್ತವೆ, ಇನ್ನೊಂದರಲ್ಲಿ 4. ಆ ಒಂದು ಹೆಚ್ಚಿನ ಜೋಡಿ ಅಣುವಿನ ಒಳಗೆ ಏನು ಮಾಡುತ್ತಿರಬಹುದು ಎಂದು ನಿಮಗೆ ತೋಚಿದ್ದನ್ನು ಇಲ್ಲೇ ಕೆಳಗೆ ಬರೆಯಿರಿ, ನಾನು ಓದುತ್ತೇನೆ.