ಎರಕದ ಅಲ್ಯುಮಿನಿಯಂಗೆ ಎಷ್ಟು ಹೊಳಪು?

ಪ್ರಶ್ನೆ: ಊರಿನ ಹೊಲದಲ್ಲಿ ನಿಂತಿದ್ದ ತಂದೆಯವರ ಹಳೆಯ ಟ್ರ್ಯಾಕ್ಟರನ್ನು ಪುಣೆಗೆ ತರಿಸಿ ದುರಸ್ತಿ ಮಾಡಿಸುತ್ತಿದ್ದೇನೆ. ಅದರ ಎಂಜಿನ್ನಿನ ಮೇಲಿನ ಮುಚ್ಚಳ (ರಾಕರ್ ಕವರ್) ಹಾಗೂ ಮುಂದಿನ ಮುಚ್ಚಳ (ಟೈಮಿಂಗ್ ಕವರ್) ಎರಕದ ಅಲ್ಯುಮಿನಿಯಂನವು. ಅವನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಭೋಸರಿಯಲ್ಲಿ ಬಫಿಂಗ್ (ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಡುವುದು) ಮಾಡಿಸಿ, ಲ್ಯಾಕರ್ (ಪಾರದರ್ಶಕ ವಾರ್ನಿಷ್) ಹೊಡೆಸಿದರೆ ಕನ್ನಡಿಯಂತೆ ಹೊಳೆಯುವವೇ?
– ಓದುಗರೊಬ್ಬರು, ಚಿಂಚವಡ

ಉತ್ತರ: ಕಾಸ್ಟಿಕ್ ಸೋಡಾವನ್ನು ದಯವಿಟ್ಟು ದೂರವಿಡಿ. ಕಬ್ಬಿಣದ ಜಿಡ್ಡು ತೆಗೆಯಲು ಅದು ಒಳ್ಳೆಯದೇ, ಆದರೆ ಅಲ್ಯುಮಿನಿಯಂ ಅನ್ನು ಅದು ಕರಗಿಸುತ್ತದೆ. ಹೈಡ್ರೋಜನ್ ಅನಿಲ ನೊರೆನೊರೆಯಾಗಿ ಹೊರಟು, ಲೋಹದ ಮೈಗೆ ಕಪ್ಪು ಮಸಿ ಹಿಡಿಯುತ್ತದೆ. ಡೀಸೆಲ್ ಹಾಗೂ ನೈಲಾನ್ ಬ್ರಷ್‌ನಿಂದ ಜಿಡ್ಡು ಬಿಡಿಸಿ, ಪಾತ್ರೆ ತೊಳೆಯುವ ದ್ರವದಿಂದ ತೊಳೆದರೆ ಸಾಕು.

ಬಫಿಂಗ್‌ಗೆ ಕೊಡುವ ಮೊದಲೇ ಕೆಲಸದ ಬಹುಪಾಲು ಮುಗಿದಿರಬೇಕು. ಮರಳಿನ ಅಚ್ಚಿನಲ್ಲಿ ಹೊಯ್ದ ಭಾಗದ ಮೈ ತರಿತರಿಯಾಗಿರುವುದರಿಂದ, ಅದನ್ನು ನೇರವಾಗಿ ಚಕ್ರಕ್ಕೆ ಹಿಡಿದರೆ ಉಬ್ಬುಗಳಷ್ಟೇ ಹೊಳೆದು, ತಗ್ಗುಗಳಲ್ಲಿ ಮಸಿ ಉಳಿಯುತ್ತದೆ. ಮೊದಲು ಅರ ಹಾಕಿ. ಅರದ ಹಲ್ಲುಗಳಿಗೆ ಸೀಮೆಸುಣ್ಣ ತಿಕ್ಕಿಕೊಂಡರೆ ಮೆದುವಾದ ಲೋಹದ ಚೂರು ಅಲ್ಲಿ ಕಚ್ಚಿಕೊಂಡು ಗೀರು ಬೀಳಿಸುವುದು ತಪ್ಪುತ್ತದೆ. ಆಮೇಲೆ 180, 320, 400, 600 ನಂಬರಿನ ಕ್ರಮದಲ್ಲಿ (ನಂಬರು ಹೆಚ್ಚಿದಷ್ಟೂ ಕಾಗದ ನುಣುಪು) ಉಜ್ಜುಕಾಗದ ಬಳಸಿ, ಪ್ರತಿ ಸಲವೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜುತ್ತ, ಹಳೆಯ ಗೀರುಗಳು ಪೂರ್ತಿ ಅಳಿದ ಮೇಲಷ್ಟೇ ಮುಂದಿನ ಕಾಗದಕ್ಕೆ ಹೋಗಬೇಕು. ನಂತರ ಸಿಸಾಲ್ (ಕತ್ತಾಳೆ ನಾರಿನ) ಚಕ್ರಕ್ಕೆ ಕಂದು ಟ್ರಿಪೊಲಿ ಎಂಬ ಪಾಲಿಶ್ ಗಟ್ಟಿ, ಕೊನೆಗೆ ಸಡಿಲ ಹತ್ತಿಬಟ್ಟೆಯ ಚಕ್ರಕ್ಕೆ ಬಿಳಿ ಸೋಪು ಎಂಬ ಇನ್ನೂ ನುಣುಪಾದ ಪಾಲಿಶ್ ಗಟ್ಟಿ ಹಚ್ಚಬೇಕು. ಇವನ್ನು ಪುಣೆಯ ರವಿವಾರ ಪೇಠೆಯಲ್ಲಿರುವ ಬೋಹರಿ ಆಳಿ ಎಂಬ ಹಾರ್ಡ್‌ವೇರ್ ಅಂಗಡಿಗಳ ಬೀದಿಯಲ್ಲಿ ವಿಚಾರಿಸಬಹುದು. ಗ್ಯಾಸ್ಕೆಟ್ ಕೂರುವ ಅಂಚಿಗೂ ಆಯಿಲ್ ಸೀಲ್ ಕೂರುವ ಜಾಗಕ್ಕೂ ಚಕ್ರ ಸೋಕಲೇಬಾರದು, ಸೋಕಿದರೆ ಎಣ್ಣೆ ಸೋರುವುದು ಖಚಿತ.

ಇನ್ನು ಕನ್ನಡಿಯ ಮಾತು. ಎರಕ ಸರಾಗವಾಗಿ ಹರಿಯಲೆಂದು ಸಾಮಾನ್ಯವಾಗಿ ಈ ಮಿಶ್ರಲೋಹದಲ್ಲಿ ಸಿಲಿಕಾನ್ ಸೇರಿಸಿರುತ್ತಾರೆ. ಅದರಿಂದಾಗಿ ಎಷ್ಟು ಉಜ್ಜಿದರೂ ತುಸು ಬೂದು ಛಾಯೆ ಉಳಿಯುತ್ತದೆ. ಮೇಲಿನ ಗಟ್ಟಿ ಪದರ ಸವೆದಷ್ಟೂ ಒಳಗಿನ ಸೂಜಿಮೊನೆಯಂಥ ರಂಧ್ರಗಳು ಬಯಲಾಗುತ್ತವೆ. ಕೆಲಸದ ಯಂತ್ರಗಳ ಇಂಥ ಕವರ್‌ಗಳನ್ನು ಕಾರ್ಖಾನೆಯವರು ಸಾಮಾನ್ಯವಾಗಿ ಎರಕದ ಮೈಯಲ್ಲೇ ಬಿಡುತ್ತಿದ್ದರು ಇಲ್ಲವೇ ಎಂಜಿನ್ನಿನ ಬಣ್ಣವನ್ನೇ ಬಳಿಯುತ್ತಿದ್ದರು. ಆದ್ದರಿಂದ 600ರ ಕಾಗದದ ನಂತರ ಒಂದೇ ಸುತ್ತು ಬಫಿಂಗ್ ಮಾಡಿಸಿ, ರೇಷ್ಮೆಯಂಥ ಹೊಳಪಿಗೆ ನಿಲ್ಲಿಸುವುದೇ ನನಗೆ ಸರಿಯೆನಿಸುತ್ತದೆ. ಕನ್ನಡಿ ಬೇಕೇಬೇಕೆಂದರೆ ಅದು ನಿಮ್ಮ ಅಭಿರುಚಿ, ಆದರೆ ಅದನ್ನು ಮೂಲರೂಪವೆಂದು ಕರೆಯಬೇಡಿ.

ಮನೆಯಲ್ಲೇ ಉಜ್ಜುವುದಾದರೆ ಮುಖಗವಸು ಧರಿಸಿ. ಉಕ್ಕು ಗ್ರೈಂಡ್ ಮಾಡುವ ಕಡೆ ಈ ಕೆಲಸ ಬೇಡ, ಅಲ್ಯುಮಿನಿಯಂನ ನುಣ್ಣನೆಯ ಧೂಳಿಗೆ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ. ಎಂಜಿನ್ನಿನ ಬಿಸಿಗೆ ಸಾಮಾನ್ಯ ಲ್ಯಾಕರ್ ಹಳದಿಗಟ್ಟಿ ಸಿಪ್ಪೆ ಏಳುವ ಸಂಭವವಿರುವುದರಿಂದ ಅದರ ಬದಲು ತೆಳುವಾಗಿ ಮೇಣ ಹಚ್ಚಿ, ಮಳೆಗಾಲಕ್ಕೆ ಮುಂಚೆ ಮತ್ತೊಮ್ಮೆ ಹಚ್ಚಿದರಾಯಿತು.