ವಾಷಿಂಗ್ ಮಷಿನ್ ಹಿಂದೆ ಒಣಗುತ್ತಿರುವ ಗ್ಲೌಸ್

ಪ್ರಶ್ನೆ: ನನಗೆ 41 ವರ್ಷ, ಊರು ಶಿವಮೊಗ್ಗ. ಸಿಡ್ನಿಗೆ ಬಂದು ಹನ್ನೆರಡು ವರ್ಷವಾಯಿತು. ನಾಲ್ಕು ವರ್ಷದಿಂದ ಬುಧವಾರ ಸಂಜೆ ಹಾರ್ಬರ್‌ನಲ್ಲಿ ಹಾಯಿದೋಣಿ ರೇಸ್‌ಗೆ ಹೋಗುತ್ತೇನೆ. ಈ ಸಲ ನಮ್ಮ ದೋಣಿಯ ನಾಯಕರು, ಅಂದರೆ ಸ್ಕಿಪ್ಪರ್, ಸಿಡ್ನಿ–ಹೋಬಾರ್ಟ್ ರೇಸ್‌ಗೆ ಕರೆದರು. ಸಿಡ್ನಿಯಿಂದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ವರೆಗೆ ತೆರೆದ ಕಡಲಲ್ಲಿ ನಡೆಯುವ ರೇಸ್ ಅದು. ಹೂಂ ಅಂದುಬಿಟ್ಟೆ. ಒಮ್ಮೆ ಮನೆಯಲ್ಲಿ ಮಾತೆತ್ತಿದಾಗ ಗಂಡ, ‘1998ರಲ್ಲಿ ಏನಾಯ್ತು ಗೊತ್ತಾ? ಮಗಳಿಗಿನ್ನೂ ಒಂಬತ್ತು’ ಅಂದರು. ಮಾತು ಅಲ್ಲಿಗೇ ನಿಂತಿತು. ನಾನು ಒಪ್ಪಿರುವುದು ಅವರಿಗೆ ಗೊತ್ತಿಲ್ಲ. ಶನಿವಾರದ ಪ್ರಾಕ್ಟೀಸ್ ತಿಳಿಯಬಾರದೆಂದು ಒದ್ದೆ ಗ್ಲೌಸನ್ನು ವಾಷಿಂಗ್ ಮಷಿನ್ ಹಿಂದೆ ಒಣಗಿಸುತ್ತೇನೆ. ನನ್ನದು ಸ್ವಾರ್ಥವಾ?

ಉತ್ತರ: ಅಲ್ಲಮ್ಮ. ಆಸೆ ಪಟ್ಟಿದ್ದು ಸ್ವಾರ್ಥ ಅಲ್ಲ. ಆದರೆ ಆ ಗ್ಲೌಸ್ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಉಪ್ಪುನೀರಿಗೆ ಸೆಟೆದುಕೊಂಡು, ಗಾಳಿಯಾಡದ ಸಂದಿಯಲ್ಲಿ ಬಿದ್ದಿದೆ. ನಾಲ್ಕು ವರ್ಷ ನಿಮಗೆ ಖುಷಿ ಕೊಟ್ಟಿದ್ದನ್ನು ಕದ್ದ ಮಾಲಿನ ಹಾಗೆ ಬಚ್ಚಿಡುತ್ತಿದ್ದೀರಿ. ನಿಮ್ಮನ್ನು ಕೊರೆಯುತ್ತಿರುವುದು ರೇಸ್ ಅಲ್ಲ, ಇದು.

ನಿಮ್ಮ ಯಜಮಾನರು ಸುಮ್ನೆ ಹೆದರುತ್ತಿಲ್ಲ. 1998ರಲ್ಲಿ ಹೊರಟಿದ್ದು 115 ದೋಣಿ, ಹೋಬಾರ್ಟ್ ಮುಟ್ಟಿದ್ದು 44. ಐದು ಮುಳುಗಿದವು. ಆರು ಜನ ತೀರಿಕೊಂಡರು, 55 ಜನರನ್ನು ಕಾಪಾಡಬೇಕಾಯಿತು. 2024ರಲ್ಲೂ ಇಬ್ಬರು ಜೀವ ಕಳೆದುಕೊಂಡರು. ಆಸ್ಟ್ರೇಲಿಯಾಕ್ಕೂ ಟಾಸ್ಮೇನಿಯಾಕ್ಕೂ ನಡುವಿನ ಬಾಸ್ ಜಲಸಂಧಿಯಲ್ಲಿ ಆಳ ಕಡಿಮೆ, ಅದಕ್ಕೇ ಅಲೆಗಳು ಗೋಡೆಯ ಹಾಗೆ ಕಡಿದಾಗಿ ಏಳುತ್ತವೆ. ದಕ್ಷಿಣಕ್ಕೆ ಹರಿಯುವ ಪ್ರವಾಹಕ್ಕೆ ದಕ್ಷಿಣದ ಗಾಳಿ ಎದುರಾದರಂತೂ ಇನ್ನೂ ಕಷ್ಟ. ‘ಏನೂ ಆಗಲ್ಲ ಬಿಡಿ’ ಅಂತ ಅವರಿಗೆ ದಯವಿಟ್ಟು ಹೇಳಬೇಡಿ. ಅದು ಸುಳ್ಳು, ಅವರಿಗೂ ಗೊತ್ತು.

ನಿಮಗೂ ಒಂದು ಮಾತು. ಹಾರ್ಬರ್‌ನ ಎರಡು ಗಂಟೆ ಬೇರೆ, 628 ನಾಟಿಕಲ್ ಮೈಲಿ ಬೇರೆ. ಮೂರು ದಿನವೋ ನಾಲ್ಕು ದಿನವೋ, ಒದ್ದೆ ಬಟ್ಟೆಯಲ್ಲೇ ಮೂರು ಗಂಟೆ ಮಲಗಿ, ವಾಂತಿ ಮಾಡಿಕೊಂಡೇ ಎದ್ದು, ಕತ್ತಲಲ್ಲಿ ಸುರಕ್ಷತಾ ಹಗ್ಗದ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿಕೊಂಡು ಕೆಲಸ ಮಾಡಬೇಕು. ಹೋಬಾರ್ಟ್‌ಗೆ ಮೊದಲು ರಾತ್ರಿಯಿಡೀ ನಡೆಯುವ ಒಂದು ರೇಸ್‌ಗೆ ಹೋಗಿಬನ್ನಿ. ಅದು ಆಗದಿದ್ದರೆ ಈ ವರ್ಷ ಬಿಟ್ಟುಬಿಡಿ. ಕಡಲಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿ ಸಿಬ್ಬಂದಿಯಲ್ಲಿ ಅರ್ಧದಷ್ಟು ಜನಕ್ಕಾದರೂ ಆಗಿರಬೇಕು ಅನ್ನುತ್ತದೆ ನಿಯಮ. ಆ ಅರ್ಧದಲ್ಲಿ ನೀವು ಇರಲೇಬೇಕು.

1998ರ ಅನಾಹುತದ ನಂತರ ಬಂದ ಒಂದು ನಿಯಮ ನನಗೆ ಬಹಳ ಹಿಡಿಸಿದೆ. ಬಾಸ್ ಜಲಸಂಧಿಗೆ ಇಳಿಯುವ ಮುಂಚೆ, ಗ್ರೀನ್ ಕೇಪ್ ಅನ್ನುವ ಭೂಶಿರದ ಹತ್ತಿರ, ಪ್ರತಿ ದೋಣಿಯೂ ರೇಸ್ ನಡೆಸುವವರಿಗೆ ಹೇಳಬೇಕು: ದೋಣಿ ಸರಿಯಾಗಿದೆ, ಜನ ಗಟ್ಟಿಯಾಗಿದ್ದಾರೆ, ಮುಂದೆ ಹೋಗುತ್ತೇವೆ ಅಂತ. ಹಾಗೆ ಹೇಳಲು ಆಗದಿದ್ದರೆ ಈಡನ್ ಬಂದರು ಅಲ್ಲೇ ಪಕ್ಕದಲ್ಲಿದೆ. ನಿಮ್ಮ ಸ್ಕಿಪ್ಪರ್‌ನ ಕೇಳಿ: ಅಲ್ಲಿ ಒಬ್ಬರಿಗೆ ಆಗಲ್ಲ ಅನಿಸಿದರೆ ಏನು ಮಾಡುತ್ತೀರಿ? ಯಾವತ್ತಾದರೂ ಅರ್ಧದಿಂದ ವಾಪಸ್ ಬಂದಿದ್ದೀರಾ? ‘ನಾವು ತಿರುಗಿ ಬರೋರೇ ಅಲ್ಲ’ ಅಂದರೆ ಆ ದೋಣಿ ಹತ್ತಬೇಡಿ.

ಈ ಪ್ರಶ್ನೆಗಳನ್ನು ಗಂಡನ ಎದುರಿಗೇ ಕೇಳಿ. ಒಂದು ಭಾನುವಾರ ಅವರನ್ನೂ ಮಗಳನ್ನೂ ದೋಣಿಗೆ ಕರೆದುಕೊಂಡು ಹೋಗಿ. ಕೊಕ್ಕೆ ಟಕ್ ಅಂತ ಬೀಳುವುದನ್ನು ಅವರೇ ಹಾಕಿ ನೋಡಲಿ. ದೋಣಿ ಎಲ್ಲಿದೆ ಅಂತ ರೇಸ್ ಟ್ರ್ಯಾಕರ್‌ನಲ್ಲಿ ನೋಡುವುದು ಹೇಗೆಂದು ಮಗಳಿಗೆ ಕಲಿಸಿ, ಒಂಬತ್ತು ವರ್ಷದವರಿಗೆ ಅದು ನಮಗಿಂತ ಬೇಗ ಬರುತ್ತದೆ. ಅವರ ಅಪ್ಪಣೆ ಪಡೆಯಿರಿ ಅಂತ ನಾನು ಹೇಳುತ್ತಿಲ್ಲ. ಡಿಸೆಂಬರ್ 26ರ ಮಧ್ಯಾಹ್ನ ಒಂದಕ್ಕೆ ತೋಪು ಹಾರಿದ ಮೇಲೆ ಮನೆಯಲ್ಲಿ ಕಾಯುವವರು ಅವರು. ಏನನ್ನು ಕಾಯುತ್ತಿದ್ದೇವೆ ಅನ್ನುವುದಾದರೂ ಅವರಿಗೆ ಪೂರ್ತಿ ಗೊತ್ತಿರಬೇಕು, ಅಲ್ವಾ?

ಇದಕ್ಕೆಲ್ಲ ಮೊದಲು, ‘ನಿಮಗೆ ಹೇಳದೆ ಹೂಂ ಅಂದುಬಿಟ್ಟೆ, ತಪ್ಪಾಯ್ತು’ ಅಂತ ಹೇಳಬೇಕು. ಹೇಗೆ ಶುರು ಮಾಡಲಿ ಅಂತ ತೋಚದಿದ್ದರೆ ಇವತ್ತೇ ಆ ಗ್ಲೌಸನ್ನು ತೆಗೆದು, ಬಾಲ್ಕನಿಯಲ್ಲಿ ಅವರ ಅಂಗಿ ಪಕ್ಕ ಒಣಗಲು ಹಾಕಿ. ಅವರೇ ಕೇಳುತ್ತಾರೆ.