ಬಿಸಿಲೂರಾಗ ಸ್ಪೇನಿನ ಕೆಂಪು ವೈನ್

ಪ್ರಶ್ನೆ: ನಮಸ್ಕಾರ ಸರ್. ದುಬೈದಾಗಿರೋ ನಮ್ಮ ಭಾವ ರಜಾಕ್ಕ ಬಂದಾಗ ಎರಡು ಬಾಟಲ್ ಸ್ಪೇನ್ ವೈನ್ ತಂದಿದ್ರು, ಮ್ಯಾಲ ರಿಯೋಜಾ ಕ್ರಿಯಾನ್ಸಾ ಅಂತ ಬರದದ. ರೆಡ್ ವೈನ್ ಫ್ರಿಜ್‌ನಾಗ ಇಡಬಾರ್ದು, ರೂಮ್ ಟೆಂಪರೇಚರ್‌ನಾಗೇ ಕುಡೀಬೇಕು ಅಂತಾರಲ್ರಿ, ಹಂಗಾಗಿ ಅಲಮಾರಿದಾಗ ಇಟ್ಟು ಮೇ ತಿಂಗಳದಾಗ ಮಟನ್ ಖಾರದ ಸಾರು, ಜ್ವಾಳದ ರೊಟ್ಟಿ ಜೋಡಿ ಒಂದು ತೆರದ್ವಿ. ಬಾಯೆಲ್ಲ ಉರಿ, ನಾಲಿಗಿ ಒಣಗಿ ಕಹಿ ಕಹಿ. ವೈನೇ ಕೆಟ್ಟಿತ್ತೇನ್ರಿ? ಉಳದ ಬಾಟಲ್‌ಗೆ ಊಟ ಏನು ಹೊಂದ್ತದ?
— ಓದುಗರೊಬ್ಬರು, ಕಲಬುರಗಿ

ಉತ್ತರ: ವೈನ್ ಕೆಟ್ಟಿರ್ಲಿಕ್ಕಿಲ್ರಿ, ನಿಮ್ಮ ಬಾಟಲ್‌ಗೆ ಬಿಸಿಲು ಮತ್ತು ಖಾರ ಎರಡೂ ಕೂಡಿ ಹೊಡದಾವ. ರೂಮ್ ಟೆಂಪರೇಚರ್ ಅನ್ನೋ ಮಾತು ಯುರೋಪಿನ ಥಂಡಿ ಮನಿಗಳಿಂದ ಬಂದದ್ದು, ಈ ವೈನ್‌ಗೆ ಬೇಕಾಗಿದ್ದು 16ರಿಂದ 18 ಡಿಗ್ರಿ, ಮೇದಾಗ ನಮ್ಮಲ್ಲಿ ಹೊರಗ 40 ದಾಟಿರ್ತದ, ಅಲಮಾರಿ ಒಳಗೂ ಕಾವು ಬಿಡೂದಿಲ್ಲ. ಅಷ್ಟು ಬಿಸಿಯಾದ್ರ ಆಲ್ಕೋಹಾಲ್ ಘಾಟು ಮೊದಲು ಮೂಗಿಗೆ ಹೊಡೀತದ, ಹಣ್ಣಿನ ವಾಸನಿ ಹಿಂದ ಉಳೀತದ. ಅದರ ಮ್ಯಾಲ ನಮ್ಮ ಖಾರದ ಸಾರು, ಮೆಣಸಿನಕಾಯಿ ಉರಿನ್ನ ಆಲ್ಕೋಹಾಲ್ ಇನ್ನಷ್ಟು ಏರಿಸ್ತದ.

ಹೆಸರು ರಿಯೋಹಾ ಅನ್ರಿ, ಸ್ಪ್ಯಾನಿಷ್‌ನಾಗ j ಅಕ್ಷರಕ್ಕ ಹ ಕಾರ. ಸ್ಪೇನಿನ ಉತ್ತರಕ್ಕ ಎಬ್ರೋ ನದಿ ದಂಡಿ ಮ್ಯಾಲಿನ ಸೀಮಿ ಅದು. ಮುಖ್ಯ ದ್ರಾಕ್ಷಿ ಟೆಂಪ್ರಾನಿಯೋ, ಬೇರೆದಕ್ಕಿಂತ ಲಗೂ ಹಣ್ಣಾಗ್ತದಂತ ‘ಬೇಗ’ ಅನ್ನೋ ಅರ್ಥದ ಶಬ್ದದಿಂದ ಆ ಹೆಸರು. 1860ರ ನಂತರ ಫ್ರಾನ್ಸ್‌ನಾಗ ಫಿಲಾಕ್ಸೆರಾ ಹುಳ ದ್ರಾಕ್ಷಿ ಬಳ್ಳಿ ಬೇರು ತಿಂದು ತೋಟ ಹಾಳು ಮಾಡ್ದಾಗ ಅಲ್ಲಿನ ಬೋರ್ಡೋ ಸೀಮಿ ವ್ಯಾಪಾರಿಗಳು ವೈನ್ ಹುಡಕ್ಕೋತ ರಿಯೋಹಾಕ್ಕ ಬಂದ್ರು, ಓಕ್ ಮರದ ಪೀಪಾಯಿದಾಗ ಹಣ್ಣಾಗಿಸೋ ಪದ್ಧತಿ ಆಗ ಇಲ್ಲಿ ಗಟ್ಟಿಯಾತು. ಅಮೆರಿಕದ ಓಕ್ ಬಳಸೋದ್ರಿಂದ ಚೆರ್ರಿ ಹಣ್ಣಿನ ಜೋಡಿ ವೆನಿಲ್ಲಾ, ಒಣಕೊಬ್ಬರಿ ಥರದ ವಾಸನಿ ಬರ್ತದ, ಥಂಡಿ ಮಾಡಿ ಕುಡದ್ರ ನಿಮಗೂ ಗೊತ್ತಾಗ್ತದ ನೋಡ್ರಿ. ಕ್ರಿಯಾನ್ಸಾ ಅಂದ್ರ ಎರಡು ವರ್ಷ ಹಣ್ಣಾಗಿರಬೇಕು, ಅದರಾಗ ಒಂದು ವರ್ಷ ಪೀಪಾಯಿದಾಗ. ಅದಕ್ಕಿಂತ ಮ್ಯಾಲಿನ ದರ್ಜೆ ರಿಸರ್ವಾಕ್ಕ ಮೂರು ವರ್ಷ, ಗ್ರಾನ್ ರಿಸರ್ವಾಕ್ಕ ಐದು.

ನಾಲಿಗಿ ಒಣಗಿಸಿದ್ದು ಟ್ಯಾನಿನ್, ನೇರಳೆ ಹಣ್ಣಿನಾಗ ಒಗರು ಇರ್ತದಲ್ರಿ, ಅದೇ ಜಾತಿ. ಜಿಡ್ಡು, ಮಾಂಸ ಸಿಕ್ರ ಈ ಒಗರು ಮೆತ್ತಗಾಗ್ತದ. ರಿಯೋಹಾದವರು ದ್ರಾಕ್ಷಿ ಬಳ್ಳಿ ಕಟಗಿ ಉರಿಸಿ ಅದರ ಕೆಂಡದ ಮ್ಯಾಲ ಕುರಿಮರಿ ಚಾಪ್ಸ್ ಸುಡ್ತಾರ, ಹಚ್ಚೂದು ಉಪ್ಪು ಅಷ್ಟೇ. ಹೋದ ಚಳಿಗಾಲ ನಾನೂ ಮಾಳಿಗಿ ಮ್ಯಾಲ ಹಂಗೇ ಮಾಡ್ದೆ, ಉಪ್ಪು, ಬಳ್ಳೊಳ್ಳಿ, ಚೂರು ಕರಿಮೆಣಸು. ಕೊಬ್ಬು ಕೆಂಡದ ಮ್ಯಾಲ ಸುರ್ ಅಂತ ಬಿದ್ದು ಹೊಗಿ ಏರ್ತಿತ್ತು, ಒಂದು ತುತ್ತು ತಿಂದು ಗುಟುಕು ಕುಡದ್ರ ಮೊದಲಿನ ಗುಟುಕಿನ ಒಗರು ಎಲ್ಲಿ ಹೋತೋ ಗೊತ್ತಾಗ್ಲಿಲ್ಲ!

ಚಾಪ್ಸ್ ಬ್ಯಾಡಾದ್ರ ಖಾರ ಕಡಿಮಿ ಹಾಕಿದ ಸೀಖ್ ಕಬಾಬ್, ಮಟನ್ ತಹರಿ ಮಾಡ್ರಿ. ಮಾಂಸ ತಿನ್ನದವ್ರಿಗೆ ಬದನಿಕಾಯಿ ಎಣ್ಣೆಗಾಯಿ ನನ್ನ ಮೊದಲ ಆಯ್ಕೆ, ಶೇಂಗಾ ಎಳ್ಳಿನ ಜಿಡ್ಡು ಇರ್ತದಲ್ರಿ, ಆದ್ರ ಹುಣಸಿಹುಳಿ ಖಾರ ಎರಡೂ ಅರ್ಧ ಮಾಡ್ರಿ. ರಂಜಕ ತಾಟಿನಾಗೇ ಬ್ಯಾಡ. ಹೋಳಿಗಿ ಜೋಡಿನೂ ಬ್ಯಾಡ್ರಿ, ಸಿಹಿ ಮುಂದ ಈ ವೈನ್ ಹುಳಿ ಹುಳಿ ಅನಸ್ತದ.

ಕುಡಿಯೋ ಮುಂದ ಬಕೆಟ್‌ನಾಗ ನೀರು, ಐಸ್ ಎರಡೂ ಹಾಕಿ ಬಾಟಲ್‌ನ ಕಾಲು ತಾಸು ಮುಳುಗಿಸಿಡ್ರಿ. ಬರೇ ಐಸ್ ಆದ್ರ ಬಾಟಲ್‌ಗೆ ಪೂರ್ತಿ ತಾಕೂದಿಲ್ಲ.

ಪ್ರಶ್ನೆ: ನನ್ನ ಹತ್ರನೂ ಇಂಥಾದೇ ಒಂದು ಕ್ರಿಯಾನ್ಸಾ ಅದ. ಹಳೇದಾದಷ್ಟು ರುಚಿ ಅಂತ ಮಗಳ ಮದುವಿಗಂತ ಅಟ್ಟದ ಮ್ಯಾಲ ಇಟ್ಟೀನಿ. ಸರಿನಾ?
— ಬೀದರಿನಿಂದ

ಉತ್ತರ: ಇವತ್ತೇ ಕೆಳಗ ಇಳಸ್ರಿ. ಅಟ್ಟದ ಕಾವಿಗೆ ವೈನ್ ಹಿಗ್ಗಿ ಬಿರಡಿ ಮ್ಯಾಲಕ್ಕ ಬರ್ತದ, ಗಾಳಿ ಒಳಗ ಹೋಗ್ತದ, ಹಣ್ಣಿನ ರುಚಿ ಬೇಯಿಸಿದ ಜಾಮ್ ಆಗ್ತದ. ಕ್ರಿಯಾನ್ಸಾ ಕೊಂಡ ಮ್ಯಾಲ ಕೆಲವು ವರ್ಷದಾಗ ಕುಡಿಯೋ ವೈನ್, ಮದುವಿ ದೂರ ಇದ್ರ ಅಲ್ಲೀತನ ಕಾಯಬ್ಯಾಡ್ರಿ, ಈ ಡಿಸೆಂಬರ್ ಥಂಡಿದಾಗ ತೆರೀರಿ. ಉಳದ್ರ ಬಿರಡಿ ಹಾಕಿ ಫ್ರಿಜ್‌ನಾಗ ಇಡ್ರಿ, ಮೂರು ನಾಲ್ಕು ದಿನ ಛಲೋ ಇರ್ತದ.